ಗಿಳಿಹಸಿರು ಕಾರು

“ನಾಳೆ ಆಗಾಕಿಲ್ಲ ಕಣಣ್ಣ,” ಎಂದ ನಂಜಪ್ಪ, ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆಯದೆಯೇ. “ನಾಳೆ ಬೋ ಮುಹೂರ್ತ.”

ಮುಹೂರ್ತಕ್ಕೂ ಮೆಕ್ಯಾನಿಕ್ಕಿಗೂ ಏನು ಸಂಬಂಧ ಎಂದು ರಘುನಂದನ್ ಕೇಳಲಿಲ್ಲ. ಪಾಪ, ನೆಂಟರ ಮದುವೆಗಳಿರಬೇಕು ಎಂದುಕೊಂಡ. ನಂಬುವುದರಲ್ಲಿ ಅವನದು ಎತ್ತಿದ ಕೈ. ಮೈಸೂರಿನಲ್ಲಿ ಅವನು ದುಡಿಯುತ್ತಿದ್ದ ಮಿಲ್ಲು ಬಾಗಿಲು ಹಾಕಿ ವರ್ಷವಾಗಿತ್ತು. ಇವತ್ತಲ್ಲ ನಾಳೆ ತೆಗೆದೇ ಬಿಡುತ್ತಾರೆ ಎಂದು ನಂಬಿಕೊಂಡು, ಕೈಗೆ ಬಂದ ಪಿಎಫ್ ಹಣವನ್ನೂ ಅಲ್ಲಿಯವರೆಗೆ ಕೂಡಿಟ್ಟಿದ್ದನ್ನೂ ಸುರಿದು ಈ ಹಳೆಯ ಕಾರು ಕೊಂಡಿದ್ದ. ಬುದ್ಧಿ ನೆಟ್ಟಗಿದ್ದವರು ಎರಡು ಹಸು ಕೊಳ್ಳುತ್ತಿದ್ದರು. ಆದರೆ ಹಸುವಿಗೆ ಸ್ಟಿಯರಿಂಗ್ ಇರುವುದಿಲ್ಲವಲ್ಲ!

ಕಾರು ಕೊಡಿಸಿದವನೂ ಕೆ.ಆರ್.ಪೇಟೆಯ ಈ ನಂಜಪ್ಪನೇ, ರಿಪೇರಿಗೆಂದು ಇಟ್ಟುಕೊಂಡವನೂ ಇವನೇ. ಕೊಂಡ ದಿನದಿಂದ ಅದು ಗ್ಯಾರೇಜು ಬಿಟ್ಟು ಅಲ್ಲಾಡಿರಲಿಲ್ಲ. ರಘುನಂದನ್ ವಾರ ವಾರ ತನ್ನೂರು ಕ್ಯಾತನಹಳ್ಳಿಯಿಂದ ಬಸ್ಸು ಹತ್ತಿ, ಹೆರಿಗೆಗೆ ತವರಿಗೆ ಹೋದ ಹೆಂಡತಿಯನ್ನು ನೋಡಲು ಹೋಗುವವನಂತೆ, ಏನಾದರೊಂದು ಕೈಯಲ್ಲಿ ಹಿಡಿದೇ ಬರುತ್ತಿದ್ದ. ಗಿಳಿಹಸಿರು ಬಣ್ಣ ಅವನದೇ ಆಯ್ಕೆ. ಕರು ಕೂಗಿದಂತೆ ಮೂರು ಸಲ ಅರಚುವ ಹಾರನ್ನೂ ಅವನೇ ಮೈಸೂರೆಲ್ಲ ಅಲೆದು ತಂದದ್ದು. ನಿಂತ ಕಾರಿನಲ್ಲಿ ಕೂತು ಸ್ಟಿಯರಿಂಗ್ ತಿರುಗಿಸಿ, ಹಾರನ್ ಒತ್ತಿ, ಜನ್ಮ ಸಾರ್ಥಕ ಮಾಡಿಕೊಂಡು ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದ.

ಒಮ್ಮೆ ಸೀಟಿನ ಕೆಳಗೆ ಅಕ್ಷತೆ ಕಾಳು ಸಿಕ್ಕವು. ಪೂಜೆ ಮಾಡದೆ ತಾನು ಎಂಜಿನ್ ಮುಟ್ಟುವುದಿಲ್ಲ ಎಂದ ನಂಜಪ್ಪ. ಎಂಥ ದೈವಭಕ್ತ! ಹೋದ ತಿಂಗಳು ಟೈರು ಸವೆದಿವೆ, ಹೊಸವು ಬೇಕು ಎಂದ. ನಿಂತ ಗಾಡಿಯ ಟೈರು ಸವೆಯುತ್ತದೆಯೇ ಎಂದು ಕೇಳಿದ್ದಕ್ಕೆ, ನಿಂತರೇ ಹೆಚ್ಚು ಸವೆಯುವುದು, ಭಾರವೆಲ್ಲ ಒಂದೇ ಕಡೆ ಬೀಳುತ್ತದೆ ಎಂದು ವಿವರಿಸಿದ. ರಘುನಂದನ್ ತಲೆದೂಗಿ ಹೊಸ ಟೈರು ತಂದುಕೊಟ್ಟ.

ಕ್ಯಾತನಹಳ್ಳಿಯಲ್ಲಿ ಆ ಕಾರನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಅರಳಿಕಟ್ಟೆಯ ಮೇಲಿದ್ದವರು, ಕಾರು ಕರ ಹಾಕ್ತೇನ್ಲಾ ಎಂದು ಕೇಳಿ ನಗುತ್ತಿದ್ದರು. ಅವನ ತಾಯಿ ಚಿಕ್ಕಬೋರಮ್ಮನಿಗೂ ಅನುಮಾನವೇ. “ಕಾರೋ ಸೊಸೆಯೋ, ಯಾವ್ದಾರ ಒಂದು ಮನೆ ಬಾಗ್ಲಿಗೆ ಬರ್ಲಿ ಕಣಪ್ಪ,” ಎಂದಿದ್ದಳು. ಎರಡೂ ಒಟ್ಟಿಗೇ ಬರಬೇಕಾಗಿ ಬಂದದ್ದೇ ಈಗಿನ ಸಂಕಟ.

ಗೋವಿಂದನಹಳ್ಳಿಯ ಸಿದ್ದರಾಜು ತನ್ನ ಮಗಳು ದಿವ್ಯಳಿಗೆ ಗಂಡು ಹುಡುಕುತ್ತಿದ್ದ. ಕಾರಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂಬುದು ಅವನ ಒಂದೇ ಹಟ. ಕೆಲಸದ ಬಗ್ಗೆ ಅಷ್ಟಾಗಿ ಕೇಳಲಿಲ್ಲ, ಕಾರಿದ್ದವನಿಗೆ ಕೆಲಸವೇಕೆ! ತಾಯಿ ಮಗ ಹೆಣ್ಣು ನೋಡಲು ಬಸ್ಸಿನಲ್ಲೇ ಹೋದರು. ಕಾರು ರಿಪೇರಿಯಲ್ಲಿದೆ ಎಂದು ರಘುನಂದನ್ ನಾಚುತ್ತ ಹೇಳಿದ. ಸಿದ್ದರಾಜು ಅರೆಗಳಿಗೆ ಅವನ ಮುಖವನ್ನೇ ನೋಡಿ, “ನಮ್ದೂ ರಿಪೇರಿಗೇ ಹೋಗೈತೆ ಕಣಪ್ಪ,” ಎಂದ. ಸಮಾನ ದುಃಖಿಯೊಬ್ಬ ಸಿಕ್ಕಿದನೆಂದು ರಘುನಂದನನಿಗೆ ಹೃದಯ ತುಂಬಿ ಬಂತು.

ಕಾಫಿ ಕೊಡಲು ಬಂದ ದಿವ್ಯ ಮೆಲ್ಲಗೆ ಕೇಳಿದ್ದು ಒಂದೇ ಮಾತು. “ಕಾರಲ್ಲಿ ಕೂತ್ರೆ ವಾಂತಿ ಬರಾಕಿಲ್ವಾ?”

ಇಲ್ಲ ಎಂದ. ಅವಳು ನಕ್ಕಳು. ಅಲ್ಲಿಗೆ ಅವನ ಕಥೆ ಮುಗಿಯಿತು. ಮಿಲ್ಲು ತೆರೆಯದಿದ್ದರೂ ಚಿಂತೆಯಿಲ್ಲ, ಈ ಹುಡುಗಿ ಕೈತಪ್ಪಿದರೆ ಬದುಕಿ ಪ್ರಯೋಜನವಿಲ್ಲ ಎನ್ನಿಸಿಬಿಟ್ಟಿತು.

ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದೆಂದು ಮಾತಾಯಿತು. ಮನೆ ನೋಡುವುದೆಂದರೆ ಕಣಜ, ಕೊಟ್ಟಿಗೆ ಎಲ್ಲವನ್ನೂ ಇಣುಕುವುದು. ಸಿದ್ದರಾಜು ಮಾತ್ರ ಮೊದಲು ನೋಡುವುದು ಕಾರನ್ನೇ. ಅದಕ್ಕಾಗಿಯೇ ಈ ಶನಿವಾರ ರಘುನಂದನ್ ಗ್ಯಾರೇಜಿಗೆ ಓಡಿಬಂದಿದ್ದ, ನಂಜಪ್ಪನ ಕೈಕಾಲು ಹಿಡಿಯುವುದೊಂದು ಬಾಕಿ ಇತ್ತು. ತಳ್ಳಿಕೊಂಡಾದರೂ ಹೋಗುತ್ತೇನೆ ಎಂದ. ನಂಜಪ್ಪ ಜಿಡ್ಡು ಮೆತ್ತಿದ ಕಬ್ಬಿಣದ ತುಂಡೊಂದನ್ನು ಎತ್ತಿ ತೋರಿಸಿ, ಇದಿಲ್ಲದೆ ಚಕ್ರ ಉರುಳದು, ಸೋಮವಾರ ಬಾ ಎಂದ. ಆದರೂ ಕಾರನ್ನು ತೊಳೆದು, ಮುಖ ಕಾಣುವಂತೆ ಉಜ್ಜಿ ಇಟ್ಟಿದ್ದ. ಓಡದ ಗಾಡಿಯ ಮೇಲೂ ಇಷ್ಟು ಪ್ರೀತಿಯೇ ಎಂದು ರಘುನಂದನನ ಕಣ್ಣು ಒದ್ದೆಯಾಯಿತು.

ಭಾನುವಾರ ಚಿಕ್ಕಬೋರಮ್ಮ ಅಂಗಳ ಸಾರಿಸಿ ರಂಗೋಲಿ ಹಾಕಿದಳು. ಬೀಗರಾಗುವವರಿಗೆ ಆರತಿ ತಟ್ಟೆ ಸಿದ್ಧವಾಯಿತು. ಕಾರಿಗೆಂದು ಹುಲ್ಲಿನ ಮೆದೆ ಸರಿಸಿ ಮಾಡಿದ್ದ ಜಾಗದಲ್ಲಿ ಕೋಳಿಯೊಂದು ಕೆದಕುತ್ತಿತ್ತು. ರಘುನಂದನ್ ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತು ಸುಳ್ಳುಗಳನ್ನು ಜೋಡಿಸುತ್ತಿದ್ದ. ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹುಡುಗಿ ಹೋದಳು ಎಂದು ಅವನಿಗೆ ಖಾತ್ರಿಯಾಗಿತ್ತು.

ಆಗ ನಾಲೆ ಏರಿಯ ಕಡೆಯಿಂದ ಕರು ಕೂಗಿತು. ಒಂದು ಸಲವಲ್ಲ, ಮೂರು ಸಲ.

ಅವನು ದಡಕ್ಕನೆ ಎದ್ದ. ಗಿಳಿಹಸಿರು ಬಣ್ಣ ಬಿಸಿಲಿಗೆ ಫಳಫಳ ಹೊಳೆಯುತ್ತ ಬೀದಿಯ ತಿರುವಿನಲ್ಲಿ ಕಾಣಿಸಿತು. ಅರಳಿಕಟ್ಟೆಯವರು ಎದ್ದು ನಿಂತು ಬಾಯಿ ಬಿಟ್ಟು ನೋಡಿದರು. ನಂಜಪ್ಪ ಮನುಷ್ಯನಲ್ಲ, ದೇವರು! ರಾತ್ರಿಯೆಲ್ಲ ನಿದ್ದೆಗೆಟ್ಟು ಸರಿಮಾಡಿ, ಯಾರ ಕೈಯಲ್ಲೋ ಕಳಿಸಿಕೊಟ್ಟಿದ್ದಾನೆ.

“ಬಂದ್ಬುಡ್ತು ಕಣವ್ವ, ನಮ್ ಕಾರು,” ಎಂದ. ಚಿಕ್ಕಬೋರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆರತಿ ತಟ್ಟೆ ಹಿಡಿದು ಹೊಸ್ತಿಲು ದಾಟಿದಳು.

ಕಾರು ರಂಗೋಲಿಯ ಪಕ್ಕ ನಿಂತಿತು. ಹಿಂದಿನ ಬಾಗಿಲು ತೆರೆದು, ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಳ್ಳುತ್ತ ಸಿದ್ದರಾಜು ಇಳಿದ. ರಘುನಂದನನನ್ನು ನೋಡಿ ನಕ್ಕು, ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ.

“ನಮ್ ಮನೆ ಕಾರು ಕಣಪ್ಪ, ನೆನ್ನೆ ತಾನೆ ರಿಪೇರಿಯಿಂದ ಬಂತು. ಎಲ್ಲಿ, ನಿಮ್ದೂ ಒಸಿ ತೋರ್ಸು.”