ಸಾವಕಾರರ ಅಂಗಡಿಯ ಭರಣಿ

ಇವತ್ತು ಸೊಸೆ ಉಪ್ಪಿನಕಾಯಿಯ ಭರಣಿ ತೆರೆದಾಗ ಉಪ್ಪು ಕುಡಿದ ಲಿಂಬೆಯ ವಾಸನೆ ಮೂಗಿಗೆ ಬಡಿಯಿತು. ನಾನು ಅಡುಗೆಮನೆಯಿಂದ ಎದ್ದು ಹೊರಗೆ ಬಂದೆ.

ಎಪ್ಪತ್ತರ ದಶಕದ ಇಂಡಿ ಊರು. ನಾನಾಗ ಒಂಬತ್ತನೇ ಇಯತ್ತೆಯಲ್ಲಿದ್ದೆ. ಮಕ್ಕಳು ವ್ಯಾಪಾರ ಕಲಿಯಲೆಂದು ನಮ್ಮ ಮಾಸ್ತರರು ಒಂದೊಂದು ಗುಂಪನ್ನು ಊರಿನ ಒಬ್ಬೊಬ್ಬ ವ್ಯಾಪಾರಿಗೆ ಒಪ್ಪಿಸಿ ಸ್ಪರ್ಧೆ ಇಟ್ಟಿದ್ದರು. ನಾನೂ ಗೆಳತಿ ಕಸ್ತೂರಿಯೂ ಕಿರಾಣಿ ಸಾವಕಾರರ ಮನೆಯಲ್ಲಿ ಲಿಂಬೆಯ ಉಪ್ಪಿನಕಾಯಿ ಹಾಕಿದೆವು. ರುಚಿಯಾದರೆ ತಮ್ಮ ಅಂಗಡಿಯಲ್ಲೇ ಇಟ್ಟು ಮಾರುವುದಾಗಿ ಸಾವಕಾರರು ಹೇಳಿದ್ದರು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಸಾವಕಾರರ ತಾಯಿ ಭರಣಿಯ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದರು. ಹೋಳುಗಳ ಮೇಲೆ ಬಿಳಿ ಬೂಷ್ಟು ಹಿಂಜಿದ ಅರಳೆಯಂತೆ ಹಬ್ಬಿತ್ತು.

“ಮುಟ್ಟಾದಾಕಿ ಯಾರರೆ ಕೈ ಹಚ್ಚಿದ್ರೇನು? ಖರೇ ಹೇಳ್ರೆವಾ,” ಎಂದರು ಮುದುಕಿ.

ಕಸ್ತೂರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ನಾನ್ರಿ ಅಮ್ಮಾ. ಮಾಸ್ತರ್ರಿಗೆ ಹೆಂಗ ಹೇಳಲಿ ಅಂತ ಸುಮ್ಮನಿದ್ನಿ.”

“ಅದಕ್ಕಽ ಕೆಟ್ಟೈತಿ ನೋಡು!”

ಉಪ್ಪಿನಕಾಯಿ ತಿಪ್ಪೆಗೆ ಹೋಯಿತು. ಸುದ್ದಿ ಸಂಜೆಯೊಳಗೆ ಓಣಿ ತುಂಬಿತು. ಮರುದಿನ ಕಸ್ತೂರಿಯ ಅಪ್ಪ ಸಾಲಿಗೆ ಬಂದು, “ಸಾಕ್ರಿ ಮಾಸ್ತರ, ಇನ್ನ ಆಕೀನ್ನ ಕಳಸೂದಿಲ್ಲ” ಎಂದು ಹೇಳಿ ಹೋದರು. ಅವಳ ಜಾಗದಲ್ಲಿ ಪರೀಕ್ಷೆಯವರೆಗೂ ಯಾರೂ ಕೂರಲಿಲ್ಲ.

ಆ ಭರಣಿ ತೊಳೆದವಳು ನಾನು. ಬಿಸಿಲಿಗಿಡುವಷ್ಟು ಪುರುಸೊತ್ತು ನನಗಿರಲಿಲ್ಲ. ಹೋಳು ತುಂಬುವ ಮೊದಲು ಕಸ್ತೂರಿ ಕೇಳಿದ್ದಳು, “ತಳ ಒಣಗೈತೇನ?”

“ಹೂಂ” ಎಂದಿದ್ದೆ.