ಅವ್ವನ ಕಾಲು ಹಿಡಿದ ದಿನ

ಮಗಳ ಎದೆಯ ಗಂಟು ಕ್ಯಾನ್ಸರ್ ಎಂದ ಡಾಕ್ಟರು, "ನಿಮ್ಮ ಮನಿತನದಾಗ ಮೊದಲ ಯಾರಿಗರ ಇತ್ತೇನ್ರಿ ಯಜಮಾನ್ರ?" ಎಂದು ಕೇಳಿದಾಗ, ಅವ್ವ ಕಾಮಾಲೆಯಿಂದ ಸತ್ತಳೆಂದು ಮಕ್ಕಳಿಗೆ ಹೇಳುತ್ತಲೇ ಬಂದಿರುವ ನನ್ನ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು.

ನನಗಾಗ ಹತ್ತು ವರ್ಷ. ಅವ್ವನ ಎಡ ಎದೆಯಲ್ಲಿ ಹುಣಸೆಬೀಜದಂಥ ಗಂಟು ಎದ್ದಿತ್ತು. ದೇವರ ಹಿಪ್ಪರಗಿ ಸಂತೆಗೆಂದು ಮನೆಯಲ್ಲಿ ಸುಳ್ಳು ಹೇಳಿ, ವಿಜಾಪುರದ ದವಾಖಾನೆಗೆ ಹೊರಟಿದ್ದಳು. ನಿಜ ಹೇಳಿದ್ದು ನನಗೊಬ್ಬನಿಗೇ. ಒಂದು ತುಂಡು ಬೆಲ್ಲದಾಸೆಗೆ ನಾನು ಅಜ್ಜಿಯ ಮುಂದೆ ಎಲ್ಲ ಒದರಿಬಿಟ್ಟೆ.

ಬಸ್ಸು ಹತ್ತುತ್ತಿದ್ದವಳನ್ನು ಅಪ್ಪ ತುರುಬು ಹಿಡಿದು ಎಳೆತಂದ. "ಪರಗಂಡಸಿಗೆ ಎದಿ ತೋರಸಾಕ ಹೊಂಟಿದ್ದೇನು?" ಎಂದು ಪಡಸಾಲೆಯಲ್ಲಿ ಕೆಡವಿ ಒದ್ದ. ಅಜ್ಜಿ ಕುಡುಗೋಲನ್ನು ಒಲೆಯಲ್ಲಿಟ್ಟು, "ಬರಿ ಕೊಟ್ರ ಕರಗತೈತಿ. ನಮ್ಮ ಎತ್ತಿನ ಗಂಟು ಕರಗಲಿಲ್ಲೇನು? ಅದು ನಿನ್ನಂಗ ಒದರಿತ್ತೇನು?" ಎಂದಳು.

"ನೀ ಕಾಲು ಹಿಡಿಯೋ," ಎಂದ ಅಪ್ಪ.

ಹಿಡಿದೆ. ಅವಳ ಹಿಮ್ಮಡಿಯ ಬಿರುಕುಗಳು ಅಂಗೈಗೆ ಒರಟಾಗಿ ತಾಗಿದವು. ಕೆಂಪಗೆ ಕಾದ ಕಬ್ಬಿಣ ಎದೆಗೆ ಮುಟ್ಟಿದ ಕೂಡಲೇ ಅವಳ ಕಾಲು ಜಾರಿ ನನ್ನ ಬಾಯಿಗೆ ಬಡಿಯಿತು. ತುಟಿ ಒಡೆಯಿತು. ಸಿಟ್ಟು ಬಂದು ಅವಳ ಮೊಳಕಾಲ ಮೇಲೆ ಹತ್ತಿ ಕೂತೆ. ಎರಡನೆಯ ಬರೆಗೆ ಅವಳು ಅಲುಗಾಡಲು ಆಗಲಿಲ್ಲ. ಗಟ್ಟಿ ಹಿಡಿದೆನೆಂದು ಅಜ್ಜಿ ನನ್ನ ಬೆನ್ನು ಚಪ್ಪರಿಸಿದಳು.

ಅವರಿಬ್ಬರೂ ಹೊರಗೆ ಹೋದ ಮೇಲೆ ಅವ್ವ ಗೋಡೆ ಹಿಡಿದು ಎದ್ದು ಕೂತಳು. ಸೆರಗಿನ ತುದಿಯಿಂದ ನನ್ನ ತುಟಿಯ ರಕ್ತ ಒರೆಸಿದಳು.

"ನನ್ನ ಕಾಲು ಬಡೀತೇನೋ ಕೂಸ? ಭಾಳ ನೋಯಾಕತ್ತೈತೇನು?"

ನಾನು ಅವಳ ಕೈ ಕೊಡವಿ, "ಇನ್ನೊಮ್ಮಿ ಒದೀಬ್ಯಾಡ," ಎಂದೆ.