ಗುಂಯ್

“ನಿನ್ನ ಗಿಟಾರಿನ ಗುಂಯ್ ನಿಲ್ಲೋವರೆಗೂ ನಾನು ಹಾಡಲ್ಲ,” ಎಂದು ಆರ್ಕೆಸ್ಟ್ರಾದ ಹಿರಿಯ ಗಾಯಕಿ ವಿಮಲಕ್ಕ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹನ್ನೆರಡು ವರ್ಷದಿಂದ ಪ್ರತಿ ಮದುವೆ ಮಂಟಪದಲ್ಲೂ ಇದೇ ದೂರು ಕೇಳಿ ಅರುಳಪ್ಪನಿಗೆ ಸಾಕಾಗಿತ್ತು. ಗಿಟಾರು ಬಿಚ್ಚಿದ. ಕೇಬಲ್ಲು ಬದಲಿಸಿದ, ಪ್ಲಗ್ಗು ಬದಲಿಸಿದ, ಸದ್ದು ಹೋಗಲಿಲ್ಲ. ಕೊನೆಗೆ, ತಂತಿಗಳ ಬುಡದಲ್ಲಿ ಅರ್ಥಿಂಗ್ ವೈರು ಬಿಟ್ಟುಹೋಗಿದ್ದು ಕಣ್ಣಿಗೆ ಬಿತ್ತು. ಬೆಸುಗೆ ಹಾಕಿದ.

ಮರುದಿನ ಆರತಕ್ಷತೆಯಲ್ಲಿ ಗಿಟಾರಿನಿಂದ ಗುಂಯ್ ಸದ್ದಿಲ್ಲ. ವಿಮಲಕ್ಕ ಹಾಡು ಎತ್ತಿದರು, ಮೊದಲ ಸಾಲಲ್ಲೇ ಸ್ವರ ಜಾರಿತು. ಮತ್ತೆ ಎತ್ತಿದರು, ಮತ್ತೆ ಜಾರಿತು. ಮೈಕಿಗೆ ಕೈ ಅಡ್ಡ ಹಿಡಿದು ಅವನತ್ತ ಬಾಗಿದರು.

“ಏನು ಮಾಡಿದ್ಯೋ ಗಿಟಾರಿಗೆ?”

“ಬಿಟ್ಟೋಗಿದ್ದ ವೈರಿಗೆ ಬೆಸುಗೆ ಹಾಕಿದೆ ಅಕ್ಕ. ಈಗ ಗುಂಯ್ ಅನ್ನಲ್ಲ.”

“ಆ ವೈರು ಕಿತ್ತಾಕು ಮಾರಾಯ, ಶ್ರುತಿ ಸಿಗ್ತಿಲ್ಲ.”